ಬೂದಕ್ಕ ಬೂತಾಯಿಗೆ ಕೊಟ್ಟ ಮಾತು

ಹೇಳು ನೋಡೋಣ ಶಾರ್ವರಿ, ಮೀನೆಂದರೆ ಪ್ರಾಣ ಬಿಡುವ ಬೆಕ್ಕು ನೀರು ಕಂಡರೆ ಮಾರು ದೂರ ಹಾರುತ್ತದಲ್ಲ, ಯಾಕೆ? ಏನಾಗಿರಬಹುದು? ಚಳಿ ಅಂತೀಯಾ? ಅಲ್ಲ. ಹೆದರಿಕೆಯಾ? ಅದೂ ಅಲ್ಲ. ಬಿಡು, ನಾನೇ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಲೋಕ ಇನ್ನೂ ಹಸಿಹಸಿಯಾಗಿತ್ತು. ಕಡಲಿಗೆ ಉಪ್ಪು ಬಿದ್ದು ನಾಲ್ಕೇ ದಿನ. ಆಗ ಬೆಕ್ಕುಗಳೂ ನೀರುನಾಯಿಗಳ ಹಾಗೆ ಈಜುತ್ತಿದ್ದವು. ಬೂದಕ್ಕ ಎಂಬ ಬೂದುಬಣ್ಣದ ಬೆಕ್ಕಿಗೆ ಒಂದೇ ಮರಿ, ಗುಂಡ. ಹೆಸರಷ್ಟೇ ಗುಂಡ. ಮೈ ಒಣಗಿ, ಹೊಟ್ಟು ಉದುರಿ, ಕೂದಲು ಮುಷ್ಟಿಮುಷ್ಟಿಯಾಗಿ ಬೀಳುತ್ತಿತ್ತು.

"ಒಳಗೆ ಜಿಡ್ಡು ಸಾಲದು ಬೂದಕ್ಕ," ಎಂದಿತು ಗಾಳಿ. "ನಾನು ಚಳಿ ಹೊತ್ತು ಬರುವುದರೊಳಗೆ ಕೂದಲು ಬರದಿದ್ದರೆ ಮರಿ ಉಳಿಯೋದಿಲ್ಲ."

ಬೂದಕ್ಕ ಎಳ್ಳಿನ ಗಿಡದ ಬಳಿ ಓಡಿದಳು. ಎಳ್ಳು ಎಣ್ಣೆ ಕೊಟ್ಟಿತು. ಅದನ್ನು ಮರಿಯ ಬೆನ್ನಿಗೆ, ಕಾಲಿಗೆ, ಬಾಲಕ್ಕೆ ತಿಕ್ಕಿ ಬಿಸಿಲಿಗೆ ಕೂರಿಸಿದಳು, ಥೇಟ್ ನಿನ್ನ ಅಜ್ಜಿ ನಿನ್ನನ್ನು ಕೂರಿಸುವ ಹಾಗೆ. ಮೈಗೆ ಮಣ್ಣು ಮೆತ್ತಿತು. ಕೂದಲು ಬರಲಿಲ್ಲ.

"ಹಚ್ಚೋದಲ್ಲ ಮಾರಾಯ್ತಿ, ತಿನ್ನಿಸೋದು," ಎಂದು ತೆಂಗಿನ ಮರ ತನ್ನ ಎಣ್ಣೆ ಕೊಟ್ಟಿತು. ತಿನ್ನಿಸಿದಳು. ಗುಂಡನ ಹೊಟ್ಟೆ ಕೆಟ್ಟಿತು. ಕೂದಲು ಬರಲಿಲ್ಲ.

ತೆಂಗು ನಾಚಿಕೆಯಿಂದ ಗರಿ ಕೊಡವಿತು. "ನಿನ್ನ ಮರಿಯ ಹೊಟ್ಟೆಯೊಳಗಿನ ದಾರಿ ನನ್ನ ಎಣ್ಣೆಗೆ ಗೊತ್ತಿಲ್ಲ. ಬೂತಾಯಿ ಮೀನನ್ನು ಕೇಳು. ಮಳೆ ಮುಗಿದ ಮೇಲೆ ಅವಳ ಮೈತುಂಬ ಕೊಬ್ಬು."

ಬೂತಾಯಿ ಅಲೆಯಿಂದ ತಲೆ ಎತ್ತಿದಳು. "ಬಂದೆಯಾ? ನಿನ್ನ ಬಳಗ ದಿನಾ ನೀರಿಗಿಳಿದು ನನ್ನ ಮರಿಗಳನ್ನು ಹೆಕ್ಕುತ್ತೆ. ಈಗ ನಿನ್ನ ಮರಿಗೆ ನಮ್ಮ ಕೊಬ್ಬು ಬೇಕೋ?"

"ಬೇಕು," ಎಂದಳು ಬೂದಕ್ಕ.

ತಾಯಿಗೆ ತಾಯಿಯ ಮುಖ ಅರ್ಥವಾಯಿತು. "ಹಾಗಾದರೆ ಅಲೆ ದಡಕ್ಕೆ ತಂದು ಹಾಕಿದ್ದು ನಿನ್ನದು, ನೀರೊಳಗಿದ್ದದ್ದು ನನ್ನದು. ನಿನ್ನ ಕುಲದವರು ಯಾರೂ ನೀರಿಗೆ ಕಾಲಿಡಬಾರದು. ಮತ್ತೆ ನೋಡು, ಔಷಧಿ ಅಂತ ತಿನ್ನಿಸು, ಹಬ್ಬ ಅಂತಲ್ಲ. ದಿನಕ್ಕೊಂದು ತುಣುಕು. ಹೆಚ್ಚಾದರೆ ಇದೂ ಹೊಟ್ಟೆ ಕೆಡಿಸುತ್ತೆ."

ಬೂದಕ್ಕ ಒಪ್ಪಿ ಮರಳಲ್ಲಿ ಕಾದಳು. ಒಂದು ಅಲೆ ಬರಿಗೈಲಿ ಬಂತು. ಇನ್ನೊಂದೂ ಬರಿಗೈಲೇ ಬಂತು. ಪಕ್ಕದಲ್ಲಿ ಗುಂಡ ನಡುಗುತ್ತಿದ್ದ. ಮೂರನೆಯದು ಕೊಬ್ಬಿದ ಮೀನೊಂದನ್ನು ಗೇಣು ದೂರದವರೆಗೆ ತಂದು ಹಿಂದಕ್ಕೆಳೆಯಿತು. ಬೂದಕ್ಕನ ಪಾದ ತಾನಾಗಿ ಮುಂದೆ ಹೋಗಿ ನೀರಿಗೆ ತಗುಲಿಯೇಬಿಟ್ಟಿತು. ಥಟ್ಟನೆ ಎಳೆದುಕೊಂಡು ಒದರಿದಳು, ಒಂದು ಹನಿಯೂ ಉಳಿಯದ ಹಾಗೆ. ಆಮೇಲೆ ಕಣ್ಣು ಮುಚ್ಚಿ ಕೂತಳು.

ಕಡಲು ನೋಡಿತು. ನಾಲ್ಕನೆಯ ಅಲೆ ಮೀನನ್ನು ಅವಳ ಮುಂದೆ ಇಟ್ಟು ಹೋಯಿತು.

ದಿನಕ್ಕೊಂದು ತುಣುಕು. ವಾರವಾಯಿತು, ಏನೂ ಇಲ್ಲ. ತಿಂಗಳಾಗುವಷ್ಟರಲ್ಲಿ ಗುಂಡನ ಬೆನ್ನು ರೇಷ್ಮೆ. ಗಾಳಿ ಚಳಿ ಹೊತ್ತು ಬಂದಾಗ ಅವನು ಅದರ ಬಾಲ ಹಿಡಿಯಲು ಓಡಾಡುತ್ತಿದ್ದ.

ಅದಕ್ಕೇ ಇವತ್ತಿಗೂ ಬೆಕ್ಕು ಮೀನಿನ ಬುಟ್ಟಿಯ ಪಕ್ಕ ಒಣ ನೆಲದಲ್ಲೇ ಕಾಯುತ್ತದೆ, ಪಾದಕ್ಕೆ ಹನಿ ತಗುಲಿದರೆ ಒದರುತ್ತದೆ; ಬೂದಕ್ಕ ಮೊದಲ ಸಲ ಹಾಗೆ ಒದರಿದ್ದು ಆಶ್ವಯುಜ ಬಹುಳ ಪಂಚಮಿ, ಗುರುವಾರ, ಬೆಳಗಿನ ಉಬ್ಬರದ ಹೊತ್ತಿಗೆ.