ಹಗ್ಗದ ತಂಡಕ್ಕೆ ಬಂದ ಇಂಗ್ಲಿಷ್ ಬಯ್ಗುಳ

ಯುಗಾದಿಯ ಮರುದಿನ, ವರ್ಷತೊಡಕಿಗೆ, ನಮ್ಮೂರಿನ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಹಗ್ಗಜಗ್ಗಾಟ. ನಡುವೆ ಹೊಂಡ ತೋಡಿ, ನೀರು ಬಿಟ್ಟು, ಎಮ್ಮೆಗೂ ಆಸೆಯಾಗುವಂಥ ಕೆಸರು ಮಾಡುತ್ತಾರೆ. ಸೋತ ತಂಡ ಕೆಸರಿಗೆ ಬೀಳುತ್ತದೆ. ಸೋತ ನಾಯಕ ಮೀಸೆ ಬೋಳಿಸಿಕೊಳ್ಳಬೇಕು.

ಮೇಲಿನ ಬೀದಿಯ ನಾಯಕ ಯಾರು ಅಂತ ಕೇಳಬೇಡಿ ಮಕ್ಕಳೇ, ನನಗೆ ಹೇಳಿಕೊಳ್ಳಲು ಸಂಕೋಚ. ನಾನೇ. ಆಗ ನನ್ನ ಮೀಸೆ ಎಷ್ಟಿತ್ತು ಅಂದರೆ, ಒಂದು ತುದಿ ಮಳೆಯಲ್ಲಿ ನೆನೆಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ಬಟ್ಟೆ ಒಣಹಾಕಬಹುದಿತ್ತು.

ಅಭ್ಯಾಸಕ್ಕೆ ನಾವು ಹಗ್ಗವನ್ನು ಹುಣಸೆಮರಕ್ಕೆ ಕಟ್ಟಿ ಎಳೆಯುತ್ತಿದ್ದೆವು. ನಮ್ಮ ಎಳೆತಕ್ಕೆ ಆ ಮರ ನಮ್ಮ ಬೀದಿಯ ಕಡೆಗೇ ವಾಲಿಬಿಟ್ಟಿದೆ, ಬೇಕಾದರೆ ನೋಡಿ ಬನ್ನಿ. ಆದರೆ ಒಂದು ವರ್ಷ ಏನಾಯಿತೋ, ಎಷ್ಟು ಎಳೆದರೂ ಎಲೆ ಕೂಡ ಅಲುಗಲಿಲ್ಲ.

ತಂಡದಲ್ಲಿ ನಂಜರಾಜು ಎಂಬ ಆಸಾಮಿ ಇದ್ದ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಾಯಿ ತುಂಬ ಇಂಗ್ಲಿಷ್. ಅವನು ಒಬ್ಬೊಬ್ಬರ ಕಿವಿಗೂ ಒಂದೊಂದು ಮಾತು ಹಾಕತೊಡಗಿದ.

ಕೆಂಚಣ್ಣನಿಗೆ ಹೇಳಿದ, "ನಿಮ್ಮ ಭಾವನ ಮೇಲೆ ಒಂದು ಕಣ್ಣಿಟ್ಟಿರಿ. ಅಂಥೋರಿಗೆ ಮೋಲ್ ಅಂತಾರೆ. ಒಳಗೇ ಬಿಲ ತೋಡ್ಕೊಂಡು ಕೂತು ಸುದ್ದಿ ಆಚೆ ದಾಟಿಸೋನು."

ಆ ಭಾವ ಚೌಡಣ್ಣನಿಗೆ ಹೇಳಿದ, "ಕೆಂಚಣ್ಣ ಟರ್ನ್‌ಕೋಟ್ ಕಣಣ್ಣ. ಕೋಟು ತಿರುವಿ ಹಾಕ್ಕೊಂಡು ಆ ಕಡೆ ಸೇರ್ಕೊಳ್ಳೋನು."

"ಅವನ ಹತ್ರ ಕೋಟೆಲ್ಲಿದೆ? ಮದುವೆಗೂ ನನ್ನ ಕೋಟೇ ಈಸ್ಕೊಂಡಿದ್ದ."

"ವಾಪಸ್ ಕೊಟ್ನಾ?"

"ಇಲ್ಲ."

"ನೋಡಿ ಮತ್ತೆ."

ಚೌಡಣ್ಣನ ಮುಖ ಕಪ್ಪಿಟ್ಟಿತು. ಅಂದಿನಿಂದ ಭಾವ ಭಾವಮೈದನಿಗೆ ಮಾತಿಲ್ಲ.

ಬೆನ್ನಿಗೆ ಚೂರಿ ಹಾಕುವವನು ಬ್ಯಾಕ್‌ಸ್ಟ್ಯಾಬರ್ ಅಂತ ತಿಳಿದ ಮೇಲೆ ಮುಂದೆ ನಿಲ್ಲಲು ಯಾರೂ ಒಪ್ಪಲಿಲ್ಲ. ಎಲ್ಲರಿಗೂ ಹಿಂದಿನ ಜಾಗವೇ ಬೇಕು. ಜೊತೆಗಿದ್ದೇ ಕೆಲಸ ಕೆಡಿಸುವವನು ಸ್ಯಾಬೊಟರ್ ಅಂತ ತಿಳಿದ ಮೇಲಂತೂ ನಾನು "ಐಸಾ" ಅಂದರೆ ಅರ್ಧ ಜನ ಎಳೆಯುತ್ತಿದ್ದರು, ಉಳಿದ ಅರ್ಧ ಅವರು ಎಳೆಯುತ್ತಾರಾ ಅಂತ ನೋಡುತ್ತಿದ್ದರು. ಕಟಿಂಗ್ ಶಾಪಿನ ಸಿದ್ದಣ್ಣ ಆಗಲೇ ಕಣ್ಣಲ್ಲೇ ನನ್ನ ಮೀಸೆಯ ಅಳತೆ ತೆಗೆದುಕೊಂಡಿದ್ದ.

ಪಂದ್ಯದ ಹಿಂದಿನ ದಿನ ಕೊನೆಯ ಸಲ ಎಳೆದೆವು. ಎಲ್ಲರೂ ಏದುಸಿರು ಬಿಡುತ್ತ ನೆಲಕ್ಕೆ ಬಿದ್ದರು. ಕೆಂಚಣ್ಣ ಭಾವನ ಕಡೆ ಬೆರಳು ಮಾಡಿ "ನೀ... ನೀನೇ..." ಅಂದ. ಮುಂದಕ್ಕೆ ಉಸಿರಿರಲಿಲ್ಲ.

ಆಗ ನಂಜರಾಜು ಪಂಚೆ ಕೊಡವಿಕೊಂಡು ಎದ್ದ. "ಮಾವ, ನಮ್ಮಲ್ಲಿ ಟ್ರೇಟರ್ ಅಂದ್ರೆ ದ್ರೋಹಿ, ಟರ್ನ್‌ಕೋಟ್, ಮೋಲ್, ಬ್ಯಾಕ್‌ಸ್ಟ್ಯಾಬರ್, ಸ್ಯಾಬೊಟರ್ ಎಲ್ಲ ಸೇರ್ಕೊಂಡವ್ರೆ. ಗೆಲ್ಲೋದು ಕನಸು."

ನನ್ನಂಥ ಬುದ್ಧಿವಂತನಿಗೆ ಅಷ್ಟು ಸಾಕಲ್ಲವೇ? ಹಗ್ಗ ಎಳೆದವನಿಗೆ ಅಮ್ಮಾ ಅನ್ನಲೂ ಉಸಿರಿರುವುದಿಲ್ಲ. ಇವನಿಗೆ ಡಿಕ್ಷನರಿ ಓದುವಷ್ಟು ಉಳಿದಿದೆ.

"ಎಲ್ಲ ಒಂದ್ಸಲ ಅಂಗೈ ತೋರಿಸ್ರಪ್ಪ," ಅಂದೆ.

ಎಲ್ಲರ ಅಂಗೈಯೂ ಕೆಂಪಗೆ, ಬೊಬ್ಬೆ ಎದ್ದಿತ್ತು. ಕೆಂಚಣ್ಣನದೂ ಹಾಗೇ, ಚೌಡಣ್ಣನದೂ ಹಾಗೇ. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿ ತಲೆ ತಗ್ಗಿಸಿದರು. ನಂಜರಾಜುವಿನ ಅಂಗೈ ಮಾತ್ರ ಎಳೆಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು.

"ಏನ್ಲಾ ಇದು?"

"ಕೆಳಗಿನ ಬೀದಿಯೋರು ಮುಂದಿನ ವರ್ಷ ನೀನೇ ನಮ್ಮ ನಾಯಕ ಅಂದಿದ್ರು ಮಾವ," ಅಂದ, ನೆಲ ನೋಡುತ್ತ.

ಕೆಂಚಣ್ಣ ಹೊಡೆಯಲು ತೋಳೇರಿಸಿದ. ನಾನು ತಡೆದೆ. "ಹೊಡೀಬೇಡ. ನಾಳೆ ಎಲ್ಲರಿಗಿಂತ ಮುಂದೆ ಇವನೇ ನಿಲ್ಲಲಿ. ಇದೇ ಪಂಚೇಲಿ."

ಮುಂದೆ ನಿಂತವನೇ ಮೊದಲು ಕೆಸರಿಗೆ ಬೀಳುವವನು. ಮರುದಿನ ನಂಜರಾಜು ಹೊಂಡದ ಅಂಚಿನಲ್ಲಿ ನಿಂತು ಕೆಸರು ನೋಡಿದ, ತನ್ನ ಪಂಚೆ ನೋಡಿದ. ನಾನು "ಐಸಾ" ಅಂದೆ.

ಅವನು ಎಳೆದ ಎಳೆತ ಏನು ಹೇಳಲಿ. ಹಿಂದಿದ್ದವರಿಗೂ ಪಕ್ಕದವನ ಕೈ ನೋಡುವ ಕೆಲಸ ತಪ್ಪಿತ್ತು. ಹಗ್ಗ ಒಂದೇ ಕಾಣುತ್ತಿತ್ತು. ಕೆಳಗಿನ ಬೀದಿಯ ತಂಡ ಕೆಸರಿಗೆ ಬಿತ್ತು. ಎಳೆತ ನಿಲ್ಲಲಿಲ್ಲ. ನೋಡಲು ನಿಂತಿದ್ದ ಅವರ ನೆಂಟರು, ಅಡುಗೆಗೆ ಕಟ್ಟಿದ್ದ ಹೋತ, ಬೀದಿಯ ಲೈಟು ಕಂಬ, ಎಲ್ಲ ಒಂದು ಮಾರು ಈಚೆಗೆ ಬಂದವು. ಸಿದ್ದಣ್ಣ ಕತ್ತಿ ಹಿಡಿದು ಕೆಳಗಿನ ಬೀದಿಗೆ ನಡೆದ.

ಕೆಂಚಣ್ಣ ನಗುತ್ತ ಕೇಳಿದ, "ಏನಪ್ಪ ನಂಜರಾಜು, ಇಂಥ ಎಳೆತಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ನಂಜರಾಜು ಬಾಯಿ ತೆರೆದ. ಯಾವ ಭಾಷೆಯೂ ಹೊರಡಲಿಲ್ಲ. ಏದುಸಿರು ಬಿಡುತ್ತ ಎರಡೂ ಅಂಗೈ ಎತ್ತಿ ತೋರಿಸಿದ. ಕೆಂಪಗೆ ಬೊಬ್ಬೆ ಎದ್ದಿದ್ದವು. ಚೌಡಣ್ಣ ಅವನ ರಟ್ಟೆ ಹಿಡಿದು ಊಟಕ್ಕೆ ಕರೆದುಕೊಂಡು ಹೋದ.

ನೀತಿ: ಒಳಗಿದ್ದು ಕೆಡಿಸುವವನಿಗೆ ಇಂಗ್ಲಿಷಿನಲ್ಲಿ ಎಷ್ಟೋ ಹೆಸರಿರಬಹುದು. ಆ ಹೆಸರುಗಳನ್ನು ಕಿವಿಯಿಂದ ಕಿವಿಗೆ ಹಂಚುವವನ ಮಾತು ಕೇಳಿ ಜೊತೆಗಾರನನ್ನು ಅನುಮಾನಿಸಬೇಡಿ. ಮೊದಲು ಹಂಚುವವನ ಅಂಗೈ ನೋಡಿ. ಸಿಕ್ಕಿಬಿದ್ದವನನ್ನು ಹೊರಗಟ್ಟುವ ಮುಂಚೆ, ಒಂದು ಸಲ ಅವನ ಕೈಗೂ ಹಗ್ಗ ಕೊಟ್ಟು ನೋಡಿ.