ತೊಡೆಸಂದಿಯ ಮಿಡಿತ ಹಿಡಿದ ಮಾಳವ್ವ

ನಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟದ ಕಾಲ. ಜನಕ್ಕಿಂತ ಕುರಿಗಳೇ ಹೆಚ್ಚಿದ್ದ ಒಂದು ಊರು. ಅಲ್ಲಿ ಮಾಳವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳಂತೆ. ಗಂಡ ಸತ್ತ ಮೇಲೆ ಕುರಿ ಕೊಯ್ದು ಪಾಲು ಹಾಕುವ ಕೆಲಸ ಅವಳೇ ಹಿಡಿದಳಂತೆ. ಹೆಂಗಸು ಕತ್ತಿ ಹಿಡಿಯುವುದೇ ಎಂದು ಊರು ಮೂಗು ಮುರಿಯಿತು. ಸಾರು ಕುದಿಯುವಾಗ ಮಾತ್ರ ಎಲ್ಲರೂ ಬಟ್ಟಲು ಹಿಡಿದು ಬಂದರಂತೆ, ಬಿಡಿ.

ಅವಳು ಸುಮ್ಮನೆ ಕೊಯ್ಯುತ್ತಿರಲಿಲ್ಲ, ಬೆರಳಿಟ್ಟು ನೋಡುತ್ತಿದ್ದಳಂತೆ. ತೊಡೆಸಂದಿಯಿಂದ ಒಂದು ದೊಡ್ಡ ನೆತ್ತರುನಾಳ ಇಳಿಯುತ್ತದೆ. ಅದರಿಂದ ಒಂದು ಕವಲು ಒಳಗೆ ಎಲುಬಿನ ಮಗ್ಗುಲಿಗೆ ಹೋಗುತ್ತದೆ. ಆ ಕವಲಿನ ಕವಲು ತೊಡೆಯೆಲುಬನ್ನು ಸುತ್ತಿಕೊಂಡು ಸೊಂಟದ ಕೀಲಿನ ಕಡೆ ಹತ್ತುತ್ತದೆ. ಕುರಿಗೆ ಹೀಗಿದ್ದರೆ ಮನುಷ್ಯನಿಗೂ ಹೀಗೇ ಇದ್ದೀತೆಂದು ತನ್ನ ತೊಡೆಸಂದಿಯಲ್ಲೂ ಮಿಡಿತ ಹುಡುಕಿಕೊಂಡಳಂತೆ.

ಒಂದು ವರ್ಷ ಉಣ್ಣೆ ಕತ್ತರಿಸುವ ದಿನ. ಕುರಿ ಕೆಡವಿ, ತಮ್ಮ ತೊಡೆಯಡಿ ಒತ್ತಿ ಹಿಡಿದು ಕತ್ತರಿಸುವುದು ಅವರ ರೂಢಿ. ಲಗಮಣ್ಣನೆಂಬ ಹೊಸ ಮದುಮಗ, ಹೆಂಡತಿ ನೋಡುತ್ತಿದ್ದಾಳೆಂದು ಊರಿನ ಸೊಕ್ಕಿನ ಟಗರನ್ನೇ ಕೆಡವಿದ. ಟಗರು ಒದ್ದ ಹೊಡೆತಕ್ಕೆ ಕತ್ತರಿ ಅವನದೇ ತೊಡೆಯ ಮೇಲ್ಭಾಗಕ್ಕೆ ಇಳಿಯಿತು. ನೆತ್ತರು ಚಿಮ್ಮಿತು. ಹಾವು ಕಚ್ಚಿದವರಿಗೆ ಬಿಗಿಯುವ ಹಾಗೆ ಕಟ್ಟಲು ಹಿರಿಯರು ಹಗ್ಗ ತಂದರು. ಗಾಯದ ಮೇಲ್ಗಡೆ ಕಟ್ಟಲು ಜಾಗವಿಲ್ಲವೆಂದು ಕೆಳಗೆ ಬಿಗಿದರು. ನೆತ್ತರು ಬರುವುದು ಮೇಲಿನಿಂದ, ಕಟ್ಟು ಇರುವುದು ಕೆಳಗೆ! ಲಗಮಣ್ಣನ ಮುಖ ಬಿಳಿಚಿತು.

ಮಾಳವ್ವ ಓಡಿಬಂದು ಅವನ ತೊಡೆಸಂದಿಗೆ ಎರಡೂ ಹೆಬ್ಬೆರಳು ಊರಿದಳಂತೆ. ಪರಗಂಡಸನ್ನು ಅಲ್ಲಿ ಮುಟ್ಟುವುದೇ ಎಂದು ಹಿರಿಯರು ಗದರಿದರಂತೆ.

"ನಾಚಿಕಿ ಆಮ್ಯಾಲ ಮಾಡೂಣ್ರಿ ಯಪ್ಪಾ, ಮದಲ ಜೀವಾ ಹಿಡಿಯೂಣು," ಅಂದಳಂತೆ.

ಚಿಮ್ಮುವುದು ನಿಂತಿತು. ಅವನ ಹೆಂಡತಿಯ ಹೆಬ್ಬೆರಳುಗಳನ್ನು ಅಲ್ಲಿ ಊರಿಸಿ, ತಾನು ಗಾಯದೊಳಗೆ ಬೆರಳಾಡಿಸಿದಳು. ದೊಡ್ಡ ನಾಳ ಕಟ್ಟಿದರೆ ಕಾಲೇ ಹೋದೀತು, ಅದು ಅವಳಿಗೆ ಗೊತ್ತು. ಕತ್ತರಿಗೆ ತುಂಡಾದದ್ದು ಎಲುಬು ಸುತ್ತುವ ಆ ಕವಲು. ಅದರ ಎರಡೂ ತುದಿಗಳನ್ನು ಹುಡುಕಿ, ಕುದಿಸಿದ ಉಣ್ಣೆದಾರದಿಂದ ಬಿಗಿದಳು.

ಮೂರು ತಿಂಗಳಿಗೆ ಲಗಮಣ್ಣ ಕುರಿಯ ಹಿಂದೆ ನಡೆದ. ಅದೇ ಟಗರನ್ನು ಹೆಗಲ ಮೇಲೆ ಹೊತ್ತು ಮಾಳವ್ವನ ಮನೆಗೆ ತಂದನೆಂದೂ ಹೇಳುತ್ತಾರೆ. ಹೊತ್ತಿರಲಿಕ್ಕಿಲ್ಲ, ಟಗರು ದೊಡ್ಡದು. ಆದರೂ ಹೇಳುವವರು ಹೊರಿಸದೆ ಬಿಡುವುದಿಲ್ಲ. ಅಂಥ ಹೆಣ್ಣು ನಮ್ಮ ಸೀಮೆಯವಳು ಎನ್ನಲು ಎದೆ ಉಬ್ಬುತ್ತದೆ.

ಇವತ್ತಿಗೂ ಆ ಊರಲ್ಲಿ ಉಣ್ಣೆ ಕತ್ತರಿಸುವ ದಿನ ಹೆಂಡತಿ ಎಲ್ಲರೆದುರೇ ಗಂಡನ ತೊಡೆಸಂದಿಗೆ ಹೆಬ್ಬೆರಳೊತ್ತಿ ಮಿಡಿತ ಹುಡುಕುತ್ತಾಳೆ. ಹೊರಗಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಆ ಊರಿನವರು ತಲೆ ತಗ್ಗಿಸುವುದಿಲ್ಲ. "ಸಿಕ್ತು" ಎಂದು ಅವಳು ಹೇಳುವ ತನಕ ಯಾವ ಗಂಡಸೂ ಕತ್ತರಿ ಮುಟ್ಟುವುದಿಲ್ಲ.