ಇದ್ದಿಲ ಗುಂಡಿಯ ಮಣ್ಣು

"ಗುರುಗಳೇ, ವಿಷವನ್ನು ಎಷ್ಟು ದಿನ ಸಹಿಸಿಕೊಳ್ಳಬೇಕು?"

ಕೇಳಿದವನು ಆಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುವ ಶಿಷ್ಯ. ಹಿರಿಯ ಶಿಷ್ಯನೊಬ್ಬ ಊಟದ ಪಂಕ್ತಿಯಲ್ಲಿ, ಎಲ್ಲರ ಮುಂದೆ, ಇವನನ್ನು ದಂಡಪಿಂಡ ಎಂದು ಕರೆದಿದ್ದ. ಅಂದಿನಿಂದ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಆ ಮಾತಿನ ವಿಷವನ್ನು ಇಷ್ಟು ದಿನ ಸಹಿಸಿಕೊಂಡಿದ್ದೇನೆ, ಆದರೆ ಸೊರಗುತ್ತಿದ್ದೇನೆ, ಇನ್ನಷ್ಟು ಸಹಿಸುವ ದಾರಿ ಹೇಳಿಕೊಡಿ, ಇಲ್ಲವಾದರೆ ಆಶ್ರಮ ಬಿಟ್ಟು ಹೋಗುತ್ತೇನೆ ಎಂದ.

ಗುರುಗಳು ಕಾವಿ ಉಡುವ ಮೊದಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರು. ಉಪದೇಶ ಕೇಳಲು ಬಂದವರಿಗೆ ಪ್ರಯೋಗಶಾಲೆಯ ಕತೆ ಹೇಳುವುದು ಅವರ ಚಾಳಿ. ಹೋಗುವವನು ಹೇಗೂ ಹೋಗುತ್ತೀಯೆ, ಇದೊಂದು ಕೇಳಿಕೊಂಡು ಹೋಗು ಎಂದು ಶುರು ಮಾಡಿದರು.

ಒಬ್ಬ ಇದ್ದಿಲು ಸುಡುವವನಿದ್ದ. ಒಂದು ಚಳಿಗಾಲ ಕೆಂಡದ ಬಾಣಲೆಯನ್ನು ಕೋಣೆಯೊಳಗೆ ಇಟ್ಟುಕೊಂಡು, ಕಿಟಕಿ ಬಾಗಿಲು ಭದ್ರ ಮಾಡಿ ಮಲಗಿದ. ಮತ್ತೆ ಏಳಲಿಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಕಬ್ಬಿಣವಿದೆ. ಉಸಿರಿನ ಆಮ್ಲಜನಕ ಬಂದು ಕೂರುವ ಜಾಗ ಅದು. ಈ ಅನಿಲ ಅಲ್ಲಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ರಕ್ತವೂ ಅದನ್ನು ಬಿಡುವುದಿಲ್ಲ. ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ, ಮನುಷ್ಯ ಸಾಯುತ್ತಾನೆ.

ಅವನಿಗೊಬ್ಬಳು ಮಗಳು. ಓದಿ ವಿಜ್ಞಾನಿಯಾದಳು. ಅಪ್ಪನನ್ನು ಕೊಂದದ್ದನ್ನು ಮುಗಿಸುವ ಏನಾದರೊಂದು ಈ ಲೋಕದಲ್ಲಿ ಇರಲೇಬೇಕು ಎಂದು ಹಟ ಹಿಡಿದಳು. ಹಲವು ಊರುಗಳ ಮಣ್ಣು ತಂದು ಸೀಸೆಗಳಿಗೆ ಹಾಕಿ, ಆ ಅನಿಲ ತುಂಬಿ ಬಿರಡೆ ಜಡಿದಳು. ಅಪ್ಪನ ಇದ್ದಿಲ ಗುಂಡಿಯ ಅಂಚಿನ ಮಣ್ಣಿದ್ದ ಸೀಸೆಯಲ್ಲಿ ಅನಿಲ ದಿನೇ ದಿನೇ ಕಡಿಮೆಯಾಯಿತು. ಅದೇ ಮಣ್ಣನ್ನು ಬೇಯಿಸಿ ಹಾಕಿದರೆ ಕಡಿಮೆಯಾಗಲಿಲ್ಲ. ಹಾಗಾದರೆ ಅಲ್ಲಿ ಜೀವವಿತ್ತು. ಯಾವುದೋ ಸೂಕ್ಷ್ಮಜೀವಿ ಅನಿಲವನ್ನು ತಿನ್ನುತ್ತಿತ್ತು.

ಅದನ್ನು ಬೇರೆ ಮಾಡಿ ಬೆಳೆಸಬೇಕು. ಇಲ್ಲಿ ಅವಳು ಎಡವಿದಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ನಾಡು ನಮ್ಮದು. ಅವಳೂ ಸಕ್ಕರೆ ನೀರು ಕೊಟ್ಟಳು. ಸೀಸೆಯ ತುಂಬ ಏನೇನೋ ಜೀವಿಗಳು ಬೆಳೆದವು, ಕೊಬ್ಬಿದವು, ಅನಿಲವನ್ನು ಮೂಸಿಯೂ ನೋಡಲಿಲ್ಲ. ಪುಕ್ಕಟೆ ಸಕ್ಕರೆ ಸಿಗುವಾಗ ಇದ್ದಿಲ ಹೊಗೆ ಯಾರಿಗೆ ಬೇಕು? ವರ್ಷಗಳು ಹೀಗೇ ಕಳೆದವು. ಕೊನೆಗೆ ಪ್ರಯೋಗಶಾಲೆಯ ಹಿರಿಯರು ಕರೆದು, ಯುಗಾದಿಯ ಹೊತ್ತಿಗೆ ಏನೂ ಕಾಣದಿದ್ದರೆ ಜಾಗ ಖಾಲಿ ಮಾಡಬೇಕಾಗುತ್ತದೆ ಎಂದು ಹೇಳಿದರು.

ಅವಳು ಹಳೆಯ ಸೀಸೆಗಳನ್ನೆಲ್ಲ ತೊಳೆದಿಟ್ಟಳು. ಹೊಸ ಸೀಸೆಗೆ ನೀರು, ಒಂದಿಷ್ಟು ಲವಣ, ಸ್ವಲ್ಪ ಗಾಳಿ, ಚಿಟಿಕೆ ಮಣ್ಣು ಹಾಕಿದಳು. ಊಟಕ್ಕೆ ಆ ಅನಿಲ ಒಂದೇ. ಪಕ್ಕದ ಮೇಜಿನವರು ಮರುಗಿದರು.

"ಪಾಪ, ಉಪವಾಸ ಕೆಡವಬೇಡಮ್ಮಾ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕು" ಎಂದರು.

"ಅದರ ಊಟ ಅದಕ್ಕೆ ಬಡಿಸಿದ್ದೇನೆ ಸರ್. ಕಾಯೋಣ" ಎಂದಳು.

ವಾರಗಳು ಹೋದವು. ನೀರು ತಿಳಿಯಾಗಿಯೇ ಇತ್ತು. ಸಕ್ಕರೆಯ ಆಸೆಯವೆಲ್ಲ ಹಸಿದು ಮಡಿದವು. ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನೀರು ಮಬ್ಬಾಗಿತ್ತು. ಅಳೆದು ನೋಡಿದಳು. ಅನಿಲ ಇರಲೇ ಇಲ್ಲ. ಬಿರಡೆ ಸೋರಿರಬೇಕು ಎಂದರು ಹಿರಿಯರು. ಬಿರಡೆ ಬದಲಿಸಿ ಮತ್ತೆ ತುಂಬಿದಳು, ಮತ್ತೆ ಖಾಲಿ. ಇಮ್ಮಡಿ ತುಂಬಿದಳು, ಅದೂ ಖಾಲಿ, ನೀರು ಇನ್ನಷ್ಟು ದಟ್ಟ. ಹಿರಿಯರು ಕನ್ನಡಕ ಒರೆಸಿಕೊಂಡು, ಇನ್ನೆರಡು ಮೇಜು ಬೇಕಾದರೆ ತೆಗೆದುಕೋ ಎಂದರು. ಗೆದ್ದಳು ನೋಡು. ಅಪ್ಪನನ್ನು ಕೊಂದದ್ದನ್ನೇ ಉಂಡು ಒಂದು ವಂಶವೇ ಅವಳ ಕೈಯಲ್ಲಿ ಮೈತುಂಬಿ ಬೆಳೆದಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ನನ್ನ ಮಗಳೇ ಗೆದ್ದಷ್ಟು ಹೆಮ್ಮೆ.

ಅದು ಹೇಗೆ ಉಣ್ಣುತ್ತದೆ ಎಂಬುದನ್ನೂ ಮುಂದೆ ಅವಳೇ ನೋಡಿದಳು. ಆ ಜೀವಿಯೊಳಗೆ ಈ ಕೆಲಸಕ್ಕೆಂದೇ ಒಂದು ಕಿಣ್ವವಿದೆ. ಕಿಣ್ವದ ಒಡಲಲ್ಲಿ ತಾಮ್ರದ ಒಂದು ಕಣ. ಅನಿಲ ಬಂದು ತಾಮ್ರದ ಮೇಲೆ ಕೂರುತ್ತದೆ, ರಕ್ತದ ಕಬ್ಬಿಣದ ಮೇಲೆ ಕೂತ ಹಾಗೆಯೇ. ಆದರೆ ಕಿಣ್ವಕ್ಕೆ ಸುಮ್ಮನೆ ಹಿಡಿದುಕೊಂಡು ಕೂರುವುದು ಗೊತ್ತಿಲ್ಲ. ನೀರಿನಿಂದ ಬಂದ ಆಮ್ಲಜನಕದ ಒಂದು ಪರಮಾಣುವನ್ನು ಅದು ಪಕ್ಕದಲ್ಲೇ ಸಿದ್ಧ ಇಟ್ಟಿರುತ್ತದೆ. ಅದನ್ನು ಅನಿಲಕ್ಕೆ ಕೂಡಿಸುತ್ತದೆ, ಅನಿಲದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಜೀವಿಗೆ ಅದೇ ಕಸುವು. ವಿಷವಾಗಿ ಬಂದದ್ದು, ನಾನೂ ನೀನೂ ಉಸಿರಿನಲ್ಲಿ ಹೊರಗೆ ಬಿಡುವ ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತದೆ. ತಾಮ್ರ ಮತ್ತೆ ಖಾಲಿ, ಮುಂದಿನ ತುತ್ತಿಗೆ ತಯಾರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

"ಆ ಜೀವಿಗೆ ಎಂಥ ಸಹನೆ ಇರಬೇಕು, ಗುರುಗಳೇ" ಎಂದ.

"ಸಹಿಸಿಕೊಂಡದ್ದು ಅವಳ ಅಪ್ಪನ ರಕ್ತ ಕಣಪ್ಪಾ, ಇದು ಉಂಡು ಎದ್ದಿತು."